ಬಿಡುಗಡೆ ದಿನವಿಲ್ಲದ ಚೀಟಿಗಳು

ಮೇಷ್ಟ್ರೇ,

ನೀವು ಒಂದು ಕಟ್ಟು ಚೀಟಿಗಳನ್ನು ಬಚ್ಚಿಟ್ಟಿರಿ. ಬಚ್ಚಿಟ್ಟು, ಉಳಿದವನ್ನು ಮಾತ್ರ ಎಣಿಸಿ, ಆ ಎಣಿಕೆಯ ಕೆಳಗೆ ನಿಮ್ಮ ಹೆಸರಿನ ಜೊತೆ ನನ್ನ ಹೆಸರನ್ನೂ ಬರೆದಿರಿ. ಇದಕ್ಕೆ ಮೋಸ ಅನ್ನುವುದನ್ನು ಬಿಟ್ಟು ಬೇರೆ ಮರ್ಯಾದೆಯ ಹೆಸರೇನಾದರೂ ಇದ್ದಿದ್ದರೆ ನೀವೇ ನನಗೆ ಹೇಳಿಕೊಟ್ಟಿರುತ್ತಿದ್ದಿರಿ.

ನಿನ್ನೆಗೆ ನೀವು ಹೋಗಿ ನಲವತ್ತು ದಿನವಾಯಿತು. ನಮ್ಮ ಮನೆಗಳಲ್ಲಿ ನಲವತ್ತನೇ ದಿನಕ್ಕೆ ಸತ್ತವರ ಹೆಸರಿನಲ್ಲಿ ಫಾತಿಹಾ ಓದಿಸುತ್ತಾರೆ. ನಾನು ನಿಮಗೆ ಕಾಗದ ಬರೆಯಲು ಕೂತೆ. ಅಬ್ಬಾ ಇಣುಕಿ ನೋಡಿ, "ಸತ್ತೋರ ಜೊತೆ ಯಾಕೆ ಜಗಳ ಬೇಟಿ, ಅವ್ರು ತಿರುಗಿ ಮಾತಾಡಕ್ಕಾಗಲ್ಲ" ಅಂದರು. ತಿರುಗಿ ಮಾತಾಡಬಹುದಾಗಿದ್ದಾಗ ನೀವು ಮಾತಾಡಿದಿರಾ ಮೇಷ್ಟ್ರೇ?

ನಮ್ಮ ಅಂಗಡಿಗೆ ನೀವು ಮೊದಲ ಸಲ ಬಂದ ದಿನ ಅಬ್ಬಾ ಮದುವೆ ಕಾರ್ಡುಗಳ ಅಂಚು ಕತ್ತರಿಸುತ್ತಿದ್ದರು. ಶಿರಾದ ಆ ಸಣ್ಣ ಪ್ರೆಸ್ಸಿನ ಮೂಲೆಯಲ್ಲಿ ಕೂತು ನಾನು ಯಾರೋ ಅಚ್ಚಿಗೆ ಕೊಟ್ಟಿದ್ದ ಕರಪತ್ರ ಓದುತ್ತಿದ್ದೆ. ಪಿಯುಸಿಗೇ ಓದು ನಿಂತ ನನಗೆ ಕಾಲೇಜು ಅಂದರೆ ಅದೇ. ಪೊಲೀಸರು ಹಿಡಿದರೆ ನಿಮ್ಮ ಹಕ್ಕೇನು, ಕೂಲಿ ಕೊಡದಿದ್ದರೆ ಯಾರಿಗೆ ದೂರು ಕೊಡಬೇಕು, ಹೀಗೆ ಹಾಳೆ ಹಾಳೆಯಾಗಿ ಓದಿ ನನ್ನ ತಲೆ ಕಾದ ಹಂಚಿನ ಹಾಗಿತ್ತು. ನೀವು ಕಾನೂನು ನೆರವಿನ ಅರ್ಜಿ ನಮೂನೆ ಅಚ್ಚು ಹಾಕಿಸಲು ಬಂದಿದ್ದಿರಿ. ನಾನು ಸುಮ್ಮನಿರದೆ, "ಸಾರ್, ಜಾಮೀನು ಸಿಕ್ರೂ ಬಡವ್ರು ಜೈಲಲ್ಲೇ ಕೊಳೀತಾರೆ, ಇದನ್ನ ಯಾಕೆ ಅಚ್ಚು ಹಾಕಲ್ಲ?" ಅಂದೆ.

"ಎಷ್ಟು ಜನ?" ಅಂದಿರಿ.

"ತುಂಬಾ ಜನ."

"ತುಂಬಾ ಅನ್ನೋದು ಅಂಕೀನೋ ಬೈಗುಳಾನೋ?"

ಅಬ್ಬಾ ನಕ್ಕುಬಿಟ್ಟರು. ನನಗೆ ಮೈ ಉರಿಯಿತು. ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮುದುಕರಿಗೆ ಇಷ್ಟು ಕೊಬ್ಬೇ ಅಂದುಕೊಂಡೆ. ಆದರೆ ಮರುವಾರ ನಿಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದೆ, ಎಣಿಸುವುದನ್ನು ಕಲಿಯಲು.

ಎಣಿಸಲು ಬಂದವಳಿಗೆ ನೀವು ಒಂದು ತಿಂಗಳು ಎಣಿಸಲು ಬಿಡಲಿಲ್ಲ, ನೆನಪಿದೆಯೇ? ಬರೀ ಪ್ರಶ್ನೆ ಬರೆಸಿದಿರಿ, ಹೊಡೆದುಹಾಕಿಸಿದಿರಿ, ಮತ್ತೆ ಬರೆಸಿದಿರಿ. ಕೊನೆಗೆ ಉಳಿದದ್ದು ಎರಡೇ ಸಾಲು. ಜಾಮೀನು ಆದೇಶವಾದ ದಿನದಿಂದ ಮನುಷ್ಯ ಮನೆಗೆ ಬಂದ ದಿನದವರೆಗೆ ಎಷ್ಟು ದಿನ? ಜಾಮೀನುದಾರರಾಗಲು ಸ್ವಂತ ಹೆಸರಿನ ಪಹಣಿ ಇರುವ ನೆಂಟರು ಇದ್ದವರಿಗೆ ಎಷ್ಟು, ಇಲ್ಲದವರಿಗೆ ಎಷ್ಟು? ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಜೈಲಿನ ಬೀಗ ತೆಗೆಯುವುದು ಆದೇಶವೋ ಪಹಣಿಯೋ ಅನ್ನುವುದಷ್ಟೇ ನಮಗೆ ಗೊತ್ತಾಗಬೇಕಿತ್ತು. ಕದ್ದನೋ ಇಲ್ಲವೋ, ಹೊಡೆದನೋ ಇಲ್ಲವೋ, ಅದು ನಮ್ಮ ಪ್ರಶ್ನೆಯಲ್ಲ ಅಂದಿರಿ.

ಆಮೇಲೆ ನಿಯಮಗಳು. ಯಾರನ್ನು ಸೇರಿಸಬೇಕು, ಯಾವ ದಿನಕ್ಕೆ ಎಣಿಕೆ ನಿಲ್ಲಿಸಬೇಕು, ದಿನಾಂಕ ಎರಡು ಕಡೆ ಎರಡು ಥರ ಇದ್ದರೆ ಯಾವುದನ್ನು ನಂಬಬೇಕು, ಎಲ್ಲವನ್ನೂ ಒಂದೂ ಚೀಟಿ ಬರೆಯುವ ಮೊದಲೇ ಬರೆದೆವು. "ನೋಡೋಕೆ ಮುಂಚೆ ಬರಿ, ನೋಡಿದ್ಮೇಲೆ ತಿದ್ದಬ್ಯಾಡ. ಮನುಷ್ಯನ ಕಣ್ಣು ಬಲೇ ಕಳ್ಳ ಕಣಮ್ಮ, ತನಗೆ ಬೇಕಾದ್ದನ್ನ ಎತ್ಕೊತದೆ" ಅಂದಿರಿ. ಆ ಹಾಳೆಯನ್ನು ಕವರಿಗೆ ಹಾಕಿ, ಅರಗು ಕರಗಿಸಿ ಮುದ್ರೆ ಒತ್ತಿ, ಎದುರುಗಡೆ ದಿನಸಿ ಅಂಗಡಿಯ ಶೆಟ್ಟರ ಕೈಗೆ ಕೊಟ್ಟಿರಿ. ಶೆಟ್ಟರು, "ಉಯಿಲಾ ಮೇಷ್ಟ್ರೇ? ನನಗೇನಾದ್ರೂ ಬರ್ದಿದೀರಾ?" ಅಂತ ಕೇಳಿ ಲಕ್ಷ್ಮಿಯ ಪಟದ ಹಿಂದೆ ಸಿಕ್ಕಿಸಿದರು. ನಾನು ಆವತ್ತು ಬಸ್ಸಿನಲ್ಲಿ ಶಿರಾಕ್ಕೆ ಹೋಗುವವರೆಗೂ ಒಬ್ಬಳೇ ನಗುತ್ತಿದ್ದೆ. ಪ್ರಾಮಾಣಿಕತೆಗೆ ಒಂದು ಯಂತ್ರ ಇದೆ, ಅದನ್ನು ಅರಗಿನಿಂದ ಮಾಡಬಹುದು ಅಂತ ಯಾವ ಕರಪತ್ರದಲ್ಲೂ ಬರೆದಿರಲಿಲ್ಲ.

ನಾಲ್ಕನೇ ನಿಯಮದ ಬಗ್ಗೆ ನಾವು ಜಗಳವಾಡಿದ್ದು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ. ಎಣಿಕೆ ನಿಲ್ಲಿಸುವ ದಿನಕ್ಕೂ ಒಳಗೇ ಇರುವವರನ್ನು ಏನು ಮಾಡುವುದು? ಅವರಿಗೆ ಬಿಡುಗಡೆ ದಿನವೇ ಇಲ್ಲ. "ಅರ್ಧಂಬರ್ಧ ಚೀಟಿ ಸಾರ್, ಬಿಟ್ಬಿಡಣ" ಅಂದವಳು ನಾನು. ನೀವು ಪಾವಗಡದ ಬಸ್ಸಿಗೆ ಕಾಯುತ್ತಿದ್ದ ಜನರನ್ನು ತೋರಿಸಿದಿರಿ. "ಬಸ್ ಹತ್ತಿದೋರ್ನ ಮಾತ್ರ ಕೇಳು, ಎಷ್ಟೊತ್ತು ಕಾದ್ರಿ ಅಂತ. ಬ್ಯಾಗ ಬಂತು ಬುಡಮ್ಮ ಅಂತಾರೆ. ಇನ್ನೂ ನಿಂತವ್ರಲ್ಲ, ಅವ್ರನ್ನ ಯಾರು ಕೇಳ್ತಾರೆ? ಕಾಯೋದು ಅಂದ್ರೆ ಏನೂಂತ ಗೊತ್ತಿರೋರು ಅವ್ರೇ ಕಣ್ಲಾ." ಹೆಣ್ಣುಮಗಳಿಗೆ 'ಕಣ್ಲಾ' ಅಂದದ್ದಕ್ಕೆ ಪಕ್ಕದ ಅಜ್ಜಿ ನಿಮ್ಮನ್ನು ದುರುಗುಟ್ಟಿ ನೋಡಿದರು. ಬಿಡುಗಡೆ ದಿನವಿಲ್ಲದ ಚೀಟಿಗಳನ್ನು ಬಿಡಬಾರದು. ಅವರು ಎಷ್ಟು ದಿನ ಒಳಗಿದ್ದರೆಂದು ಗೊತ್ತಿದೆಯೋ ಅಷ್ಟು ದಿನವೂ ಅವರನ್ನು ಎಣಿಸಬೇಕು. ನಾಲ್ಕನೇ ನಿಯಮ ನಿಮ್ಮದು ಮೇಷ್ಟ್ರೇ. ನನ್ನದಲ್ಲ. ಅದಕ್ಕಾಗಿ ನಾನು ನಿಮ್ಮ ಕಾಲು ಮುಟ್ಟಲೂ ತಯಾರಿದ್ದೆ.

ಚೀಟಿ ಬರೆಯಲು ಶುರು ಮಾಡಿದ್ದು ಮದುವೆ ಕಾರ್ಡಿನ ಚೂರುಗಳ ಮೇಲೆ. ಅಬ್ಬಾ ಗೋಣಿಚೀಲದಲ್ಲಿ ತುಂಬಿಟ್ಟಿದ್ದ ಚೂರುಗಳಲ್ಲಿ ಶಿರಾಕ್ಕೆ ಗುಲಾಬಿ, ಮಧುಗಿರಿಗೆ ಬಿಳಿ, ಕೊರಟಗೆರೆಗೆ ಹಸಿರು, ಪಾವಗಡಕ್ಕೆ ಹಳದಿ. ಆದೇಶದ ದಿನಾಂಕವನ್ನು ಫೋನಿನಲ್ಲೇ ಕೋರ್ಟಿನ ದಾಖಲೆ ತೆಗೆದು ಬರೆಯುತ್ತಿದ್ದೆ. ಮನೆಗೆ ಬಂದ ದಿನ ಮಾತ್ರ ಯಾವ ದಾಖಲೆಯಲ್ಲೂ ಸರಿಯಾಗಿ ಸಿಗುತ್ತಿರಲಿಲ್ಲ, ಅದಕ್ಕೆ ಮನೆಗೇ ಹೋಗಬೇಕಿತ್ತು. ಗೌಡಗೆರೆಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತ ಹೆಂಗಸೊಬ್ಬಳು, "ನನ್ ಗಂಡ ಬಂದಿದ್ದು ಎಮ್ಮೆ ಕರ ಹಾಕಿದ್ ದಿನ" ಅಂದಳು. ಆ ಎಮ್ಮೆಯ ದಿನಾಂಕ ಹುಡುಕಲು ನಾವು ಪಶು ಆಸ್ಪತ್ರೆಗೆ ಹೋದೆವು. ಆ ದಿನಗಳಲ್ಲಿ ನನಗೆ ನಿಮ್ಮ ಮೇಲೆ ಎಷ್ಟು...

ಹೋಗಲಿ. ಪಾವಗಡದ ರಾಯಚರ್ಲಿನ ದಿನಕ್ಕೆ ಬರುತ್ತೇನೆ. ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು, ನಡುವೆ ಉಳಿದ ಊರು. ಹನುಮಕ್ಕನ ಮನೆಯಲ್ಲಿ ಚೀಟಿ ಬರೆದವಳು ನಾನೇ. ಮಗ ಓಬಳೇಶ, ಕೇಬಲ್ ಕದ್ದ ಆರೋಪ, ಜಾಮೀನು ಸಿಕ್ಕಿದೆ, ಮನೆಗೆ ಬಂದಿಲ್ಲ. ಅವರ ಹೊಲ ಸೋಲಾರಿಗೆ ಲೀಸಿನಲ್ಲಿದೆ, ಪಹಣಿ ಇನ್ನೂ ಸತ್ತುಹೋದ ತಾತನ ಹೆಸರಿನಲ್ಲೇ ಇದೆ. ಸತ್ತವನು ಜಾಮೀನು ನಿಲ್ಲುವಂತಿಲ್ಲ. ಚೀಟಿ ಮುಗಿಸಿ ನಾನು ಪಕ್ಕದ ತಿರುಮಣಿಯ ಎರಡು ಮನೆ ನೋಡಿಬರುತ್ತೇನೆಂದು ಹೊರಟೆ. ನೀವು ಕಾಲು ನೋವೆಂದು ಹನುಮಕ್ಕನ ಮನೆಯ ಮುಂದೆಯೇ ಕೂತಿರಿ. ನಾನಿಲ್ಲದ ಆ ಗಂಟೆಯಲ್ಲಿ ಅಲ್ಲಿ ಏನು ನಡೆಯಿತೆಂದು ನೀವು ನನಗೆ ಕೊನೆಯವರೆಗೂ ಹೇಳಲಿಲ್ಲ.

ಅದಾಗಿ ತಿಂಗಳಿಗೆ ನಾನೇ ಕೇಳಿದ್ದೆ. "ಸಾರ್, ಬರೀ ಎಣಿಸ್ತಾ ಇದೀವಲ್ಲ, ಒಬ್ಬರಿಗಾದ್ರೂ ಜಾಮೀನು ನಿಲ್ಲಬಾರ್ದಾ?" ನೀವು ಕನ್ನಡಕ ಒರೆಸುತ್ತ, "ಎಣಿಸೋನು ಕೈ ಹಾಕಬಾರ್ದು ಕಣಮ್ಮ. ಕೈ ಹಾಕಿದ್ರೆ ಎಣಿಕೆ ಕೆಡ್ತದೆ" ಅಂದಿರಿ. ನಾನು ಮೂರ್ಖಳು, ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೀಟು ಎಳೆದುಕೊಂಡೆ.

ನೀವು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಕುಸಿದಿರೆಂದು ಫೋನು ಬಂದಾಗ ನಾನು ಪ್ರೆಸ್ಸಿನಲ್ಲಿದ್ದೆ. ನೀವೇ ಬರೆದು ಕಳಿಸಿದ್ದ ವರದಿಯ ಪುಟಗಳನ್ನು ನಾನೇ ಜೋಡಿಸುತ್ತಿದ್ದೆ. ಓದಲಿಲ್ಲ. ನಿಮ್ಮ ಲೆಕ್ಕವನ್ನು ಪರೀಕ್ಷಿಸಬೇಕೆಂದು ನನಗೆ ಯಾಕೆ ಅನ್ನಿಸಬೇಕಿತ್ತು? ಹದಿಮೂರು ದಿನ ಕಳೆದ ಮೇಲೆ, ಜಾಮೀನಿನ ಷರತ್ತು ಸಡಿಲಿಸಿ ಎಂದು ಅರ್ಜಿ ಹಾಕಲು ನಮ್ಮ ವರದಿಗೆ ಕಾಯುತ್ತಿದ್ದ ಹಿರಿಯ ವಕೀಲರ ಮುಂದೆ ಅದನ್ನು ಹೆಮ್ಮೆಯಿಂದ ಇಟ್ಟೆ. ಅವರು ಕೊನೆಯ ಪುಟ ಓದಿ ಕನ್ನಡಕ ಮೇಲೇರಿಸಿದರು. "ಇಷ್ಟೇನಾ? ಪಹಣಿ ಇದ್ದೋರು, ಇಲ್ದೋರು, ಇಬ್ರೂ ಬ್ಯಾಗ ಬ್ಯಾಗ ಬಂದವ್ರೆ. ಅಂಗಾದ್ರೆ ತೊಂದ್ರೆ ಎಲ್ಲೈತಮ್ಮ? ಇದನ್ನ ನಾನು ಕೋರ್ಟಿಗೆ ಕೊಟ್ರೆ, ಎಲ್ಲಾ ಸರಿಯಾಗೈತೆ ಅಂತ ನಾವೇ ಬರ್ಕೊಟ್ಟಂಗಾಯ್ತದೆ."

ನಾನು ಆ ಪುಟ ಓದಿದೆ. ನಾನು ಕೂತು ಮಾತಾಡಿಸಿದ ತಾಯಂದಿರು ಆ ಪುಟದಲ್ಲಿ ಯಾರೂ ಇರಲಿಲ್ಲ.

ಶೆಟ್ಟರು ಲಕ್ಷ್ಮಿಯ ಪಟದ ಹಿಂದಿನಿಂದ ಕವರು ತೆಗೆದು ಧೂಳು ಊದಿದರು. ಅರಗು ಹಾಗೇ ಇತ್ತು. ಒಡೆದು ಓದಿದೆ. ನಾಲ್ಕನೇ ನಿಯಮ ನಿಮ್ಮ ದುಂಡು ಅಕ್ಷರದಲ್ಲಿ ನೆಟ್ಟಗೆ ಕೂತಿತ್ತು. ಅಲ್ಲಿಂದ ಎದುರಿಗೇ ಇದ್ದ ನಿಮ್ಮ ಮನೆಗೆ ಹೋಗಿ ನಿಮ್ಮ ಹೆಂಡತಿ ಗೌರಮ್ಮನವರನ್ನು ಚೀಟಿಗಳ ಟ್ರಂಕು ಕೇಳಿದೆ. ನಾಲ್ಕು ಬಣ್ಣದ ನಾಲ್ಕು ಕಟ್ಟು ಮೇಲೆಯೇ ಇದ್ದವು. ಅಡಿಯಲ್ಲಿ, ಹಾಸಿದ್ದ ಕ್ಯಾಲೆಂಡರ್ ಹಾಳೆಯ ಕೆಳಗೆ, ನೂಲು ಸುತ್ತಿದ ಐದನೆಯ ಕಟ್ಟು. ಎಲ್ಲ ಬಣ್ಣವೂ ಅದರಲ್ಲಿತ್ತು, ಹಳದಿ ಹೆಚ್ಚು. ಮೇಲೊಂದು ತುಂಡು ಕಾಗದ. 'ನಿಯಮ ನಾಲ್ಕು, ತಿದ್ದುಪಡಿ: ಬಿಡುಗಡೆ ದಿನಾಂಕವಿಲ್ಲದ ಚೀಟಿಗಳು ಅಪೂರ್ಣವಾದ್ದರಿಂದ ಕೈಬಿಡಲಾಗಿದೆ.' ಕೆಳಗೆ ನಿಮ್ಮ ಸಹಿ, ದಿನಾಂಕ. ಎಣಿಕೆ ನಿಲ್ಲಿಸಿದ ಮೇಲಿನ ದಿನಾಂಕ. ಕದಿಯುವಾಗಲೂ ದಿನಾಂಕ ಹಾಕಿದಿರಲ್ಲ ಮೇಷ್ಟ್ರೇ!

ಒಂದೊಂದೇ ಚೀಟಿ ಮಗುಚಿದೆ. ಎಲ್ಲವೂ ನಾನು ಕೊಟ್ಟಾಗ ಇದ್ದ ಹಾಗೆಯೇ ಗರಿಗರಿ. ಒಂದು ಹಳದಿ ಚೀಟಿ ಮಾತ್ರ ಮೂಲೆ ಸವೆದು, ಹೆಬ್ಬೆರಳಿನ ಕಲೆ ಹತ್ತಿ, ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಓಬಳೇಶ, ರಾಯಚರ್ಲು.

ಮಾರನೆಯ ದಿನ ಹನುಮಕ್ಕ ನನ್ನನ್ನು ಕಂಡೊಡನೆ ಚಾಪೆ ಹಾಸಿದರು. ನೀವು ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಬಾಯಿಗೆ ಸೆರಗು ಹಿಡಿದು, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ, "ಅಯ್ಯೋ ದೇವುಡಾ, ಅದಕ್ಕೇನಾ ಸಾರ್ ಬರ್ಲಿಲ್ಲ?" ಅಂದರು.

"ಎಲ್ಲಿಗೆ ಹನುಮಕ್ಕಾ?"

"ಕೋರ್ಟುಕಾಡಿಕಿ ತಲ್ಲೀ, ಕೋರ್ಟ್ ಹತ್ರಕ್ಕೆ. ನೀನು ತಿರುಮಣಿಗೆ ಹೋಗಿದ್ಯಲ್ಲ, ಆವತ್ತು ಸಾರ್ ಅಂದ್ರು, ನಮ್ ಹೊಲದ ಪಹಣಿ ತತ್ತೀನಿ, ನಾನೇ ನಿಲ್ತೀನಿ, ಸೋಮಾರ ಹತ್ತೂವರೆಗೆ ಮಧುಗಿರಿ ಕೋರ್ಟ್ ಮುಂದೆ ಹುಣಸೆಮರದ ಕೆಳಗೆ ಬಾ ಅಂತ. ಹೋಗಿ ಕುಂತೆ. ಸಾಯಂತ್ರಂ ದಾಕಾ, ಹೊತ್ತು ಮುಳುಗೋವರ್ಗೂ ಕುಂತೆ. ಬರ್ಲಿಲ್ಲ. ಏನೋ ಕೆಲ್ಸ ಬಿತ್ತೇನೋ ಅಂತ ಇನ್ನೊಂದ್ ಸೋಮಾರ ಹೋದೆ. ಆಮೇಲೂ ಒಂದ್ ಸೋಮಾರ ಹೋದೆ. ಪೆದ್ದಾಯನ, ಅಷ್ಟು ದೊಡ್ಡೋರು, ಸುಳ್ಳು ಹೇಳ್ತಾರಾ?"

ನೀವು ಆ ಮೂರು ಸೋಮವಾರವೂ ಬದುಕಿದ್ದಿರಿ. ಎರಡನೆಯ ಸೋಮವಾರ ನಾನು ನಿಮ್ಮ ಜಗಲಿಯ ಮೇಲೆಯೇ ಇದ್ದೆ. ಗೌರಮ್ಮನವರು ಕೊಟ್ಟ ಹುರಿಗಾಳು ತಿನ್ನುತ್ತ, ನಿಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಆ ತಾಯಿ ಮರದ ಕೆಳಗೆ ಕೂತಿರುವುದು ಗೊತ್ತಿಲ್ಲದೆ, ನಾನು ನಿಮ್ಮಿಂದ ನ್ಯಾಯದ ಲೆಕ್ಕ ಕಲಿಯುತ್ತಿದ್ದೆ. ನೀವು ಗಡಿಯಾರ ನೋಡಿದಿರಾ ಮೇಷ್ಟ್ರೇ, ಆವತ್ತು?

ಅಲ್ಲಿಂದ ನೇರವಾಗಿ ನಿಮ್ಮ ಮನೆಗೆ ಬಂದು ಗೌರಮ್ಮನವರ ಮುಂದೆ ಎಲ್ಲವನ್ನೂ ಸುರಿದೆ. ಸಿಟ್ಟಿನಲ್ಲಿ ಚೀಟಿಯನ್ನು ಅವರ ಮೊರದ ಅಕ್ಕಿಯ ಮೇಲೆ ಎಸೆದೆ. ಅವರು ಅದನ್ನು ಎತ್ತಿ ಒರೆಸಿದರು. "ಹೊಲ ಎಲ್ಲೈತೆ ಅವರ ಹೆಸರಲ್ಲಿ? ಹೋದ ವರ್ಷವೇ ಮಕ್ಕಳಿಗೆ ಭಾಗ ಮಾಡಿ ಖಾತೆ ಮಾಡ್ಸಿ ಕೊಟ್ರಲ್ಲ. ಒಂದು ಗುಂಟೆನೂ ಇಟ್ಕೊಳ್ಳಲಿಲ್ಲ. ನಲವತ್ ವರ್ಷ ನಮ್ ಹೊಲ ನಮ್ ಹೊಲ ಅಂದ ಬಾಯಿ, ಆ ಯಮ್ಮನ ಮುಂದೆನೂ ಅಂದ್ಬುಟ್ಟದೆ. ಮನೆಗೆ ಬಂದು ಪಹಣಿ ತೆಗೆದು ನೋಡಿದ್ರೆ ದೊಡ್ಡ ಮಗನ ಹೆಸರು."

"ಮಗನ್ನ ಕೇಳಬಹುದಿತ್ತಲ್ಲ?"

"ಕೇಳಿದ್ರು ಅನ್ಸುತ್ತೆ. ಒಂದಿನ ಫೋನಲ್ಲಿ ಮಾತಾಡಿ ಊಟ ಬಿಟ್ಟು ಮಲಗಿದ್ರು. ನನ್ನ ಮಾತ್ರ ಕೇಳ್ಲಿಲ್ಲ ಕಣಮ್ಮ. ನಮ್ಮಪ್ಪ ಕೊಟ್ಟ ಎರಡೆಕರೆ ಇನ್ನೂ ನನ್ ಹೆಸರಲ್ಲೇ ಐತೆ. ಹೆಂಡ್ತಿ ಹತ್ರ ಕೈ ಚಾಚೋದಾ ಅಂತ." ಆಮೇಲೆ ಮೊರವನ್ನು ಕೆಳಗಿಟ್ಟು, "ಪಾಠ ಹೇಳೋ ಗಂಡಸ್ರಿಗೆ ತಪ್ಪಾಯ್ತು ಅನ್ನೋದು ಪಠ್ಯದಲ್ಲಿ ಇರಲ್ವೇನೋ" ಅಂದರು.

ನಿಮ್ಮ ಟ್ರಂಕಿನ ಮುಂದೆ ಕೂತು ನಾನು ಯೋಚಿಸಿದ್ದು ಒಂದೇ. ಓಬಳೇಶನ ಒಂದು ಚೀಟಿಯನ್ನು ನೀವು ಕದ್ದು ಒಲೆಗೆ ಹಾಕಿದ್ದರೆ ಮುಗಿಯುತ್ತಿತ್ತಲ್ಲ? ವರದಿಯ ಕೊನೆಯಲ್ಲಿ ಒಳಗಿರುವವರ ಹೆಸರಿನ ಪಟ್ಟಿ ಹಾಕಬೇಕೆಂದು ನಾವೇ ಬರೆದಿದ್ದೆವು. ಪಟ್ಟಿ ಇದ್ದಿದ್ದರೆ ಅದನ್ನು ಹಿಡಿದು ನಾನು ಆ ಮನೆಗಳಿಗೆ ಮತ್ತೆ ಹೋಗುತ್ತಿದ್ದೆ, ಹನುಮಕ್ಕ ಬಾಯಿ ಬಿಡುತ್ತಿದ್ದರು, ನಿಮಗೆ ಗೊತ್ತಿತ್ತು. ಆದರೆ ಒಂದೇ ಚೀಟಿ ತೆಗೆಯಲು ನಿಮ್ಮ ಗಣಿತದ ಕೈಗೆ ಮನಸ್ಸು ಬರಲಿಲ್ಲ. ನಿಯಮವಿಲ್ಲದೆ ತೆಗೆಯುವುದು ಅನ್ಯಾಯ! ಅದಕ್ಕೆ ನಿಯಮ ಮಾಡಿದಿರಿ, ಆ ಒಂದು ಚೀಟಿ ಬೀಳುವಂಥ ನಿಯಮ. ಅದರೊಂದಿಗೆ ಇನ್ನೂ ಕಾಯುತ್ತಿರುವ ಎಲ್ಲರೂ ಬಿದ್ದುಹೋದರು. ನಿಮ್ಮ ಒಂದು ನಾಚಿಕೆಯ ಮೇಲೆ ಚಾಪೆ ಎಳೆಯಲು ನಾಲ್ಕು ತಾಲ್ಲೂಕಿನ ತಾಯಂದಿರನ್ನು ಮುಚ್ಚಿಬಿಟ್ಟಿರಿ. ಇದನ್ನು ಯೋಚಿಸಿದಾಗ ನಗು ಬರುತ್ತದೆ. ಹಾಳಾದ ನಗು, ನಿಮ್ಮ ಥರದ್ದೇ.

ನೀವು ಹಾಜರಿ ಪುಸ್ತಕದ ಉಪಮೆ ಹೇಳಿ ಕಲಿಸಿದ ದಾರಿಯಲ್ಲೇ ಮತ್ತೆ ಎಣಿಸಿದೆ. ಆದೇಶವಾದ ಮೊದಲ ದಿನ ಬೆಳಿಗ್ಗೆ ಒಳಗೆ ಎಷ್ಟು ಜನ, ಸಂಜೆಯೊಳಗೆ ಹೋದವರು ಎಷ್ಟು. ಎರಡನೆಯ ದಿನ ಉಳಿದವರು ಎಷ್ಟು, ಹೋದವರು ಎಷ್ಟು. ಎಣಿಕೆ ನಿಲ್ಲುವಾಗಲೂ ಒಳಗಿದ್ದವರು ನಮಗೆ ಗೊತ್ತಿರುವ ಕೊನೆಯ ದಿನದವರೆಗೂ ಹಾಜರಿಯಲ್ಲಿರಬೇಕು, ಆಮೇಲೆ ಮಾತ್ರ ಪುಟದಿಂದ ಇಳಿಯಬೇಕು. ನಿಮ್ಮ ಜಗಲಿಯ ಮೇಲೆ ಚೀಟಿ ಹರಡಿ, ಮೂರು ದಿನ, ಎರಡು ಸಲ. ಎರಡನೆಯ ಸಲ ಗೌರಮ್ಮನವರು ಚೀಟಿ ಕೂಗಿದರು, ನಾನು ಬರೆದೆ. ದಿನದಿನಕ್ಕೆ ಒಳಗೆ ಉಳಿದವರನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದೆ. ಪಹಣಿ ಇದ್ದವರ ಗೀಟು ಕಡಿದಾದ ಮೆಟ್ಟಿಲಿನ ಹಾಗೆ ಇಳಿದು ನೆಲ ಸೇರಿತು. ಪಹಣಿ ಇಲ್ಲದವರ ಗೀಟು ಸ್ವಲ್ಪ ಇಳಿಯಿತು, ಆಮೇಲೆ ಇಳಿಯಲೇ ಇಲ್ಲ. ಹಾಳೆಯ ಅಂಚಿನವರೆಗೂ ಗಾಳಿಯಲ್ಲೇ ನಡೆಯಿತು. ನಿಮ್ಮ ವರದಿಯಲ್ಲಿ ಎರಡೂ ಗೀಟು ನೆಲ ಮುಟ್ಟಿದ್ದವು. ಎಷ್ಟು ಚೆನ್ನಾಗಿ, ಎಷ್ಟು ನಯವಾಗಿ ಮುಟ್ಟಿದ್ದವು!

ಹೊಸ ವರದಿಯನ್ನು ಅಬ್ಬಾ ಅಚ್ಚು ಹಾಕುವಾಗ ಕೇಳಿದರು, "ಮೇಷ್ಟ್ರ ಹೆಸರು ತೆಗೀಲಾ?" ಬೇಡವೆಂದೆ. ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ. ಎರಡನೆಯ ಪುಟದಲ್ಲಿ ನೀವು ಮಾಡಿದ್ದಿದೆ: ಯಾವ ನಿಯಮವನ್ನು, ಯಾವ ದಿನ, ಎಣಿಕೆ ಮುಗಿದ ಮೇಲೆ ತಿದ್ದಲಾಯಿತು, ಯಾಕೆ ಅದನ್ನು ಒಪ್ಪಿಲ್ಲ. ಮನೆಯ ಮಾತು ಅದರಲ್ಲಿಲ್ಲ. ಅದು ಈ ಕಾಗದದಲ್ಲಿ ಮಾತ್ರ. ನೋಡಿದ ಮೇಲೆ ತಿದ್ದಬಾರದು ಅಂದವರು ನೀವು. ತಿದ್ದಿದರೆ ತಿದ್ದಿದ್ದೇನೆಂದು ಬರೆಯಬೇಕೆಂದವರೂ ನೀವೇ. ವಕೀಲರು ಓದಿ, "ಈಗ ಅರ್ಜಿ ಹಾಕ್ಬೋದು" ಅಂದರು. ಅಷ್ಟೇ ಅಂದರು. ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. 'ಎಣಿಸೋನು ಕೈ ಹಾಕಬಾರ್ದು' ಎಂದು ಬರೆದುಕೊಂಡಿದ್ದ ಪುಟವನ್ನು ನಾನು ಹರಿಯಲಿಲ್ಲ. ಮುಂದೆ ಬರೆದೆ: ಎಣಿಕೆ ಮುಗಿದಿದೆ.

ನಿಮಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಮೊನ್ನೆ ಗೌರಮ್ಮನವರು ನಾಡಕಚೇರಿಗೆ ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಎರಡೆಕರೆಯ ಪಹಣಿ ತೆಗೆಸಿದರು. ಕಾಗದವನ್ನು ಮಡಿಸದೆ ಚೀಲದಲ್ಲಿಟ್ಟುಕೊಂಡು, "ಆ ಯಮ್ಮಂಗೆ ಹೇಳು, ಈ ಸಲ ಹೆಂಗಸರು ಬತ್ತವ್ರೆ ಅಂತ" ಅಂದರು. ಹೇಳಲು ರಾಯಚರ್ಲಿಗೆ ಹೋದರೆ ಹನುಮಕ್ಕ ಕೇಳಿದ್ದು ಒಂದೇ ಮಾತು, "ನಿಜಂಗಾ ತಲ್ಲೀ?" ನಿಜ ಅಂದೆ. ನೀವೂ ಅವರಿಗೆ ಅದನ್ನೇ ಹೇಳಿರುತ್ತೀರಿ.

ಪಹಣಿ, ಆಧಾರ್, ಎರಡು ಫೋಟೋ ಗೌರಮ್ಮನವರ ಚೀಲದಲ್ಲಿವೆ. ಓಬಳೇಶನ ಹಳದಿ ಚೀಟಿ ನನ್ನ ಬಳಿ ಇದೆ, ಬಿಡುಗಡೆ ದಿನದ ಜಾಗ ಇನ್ನೂ ಖಾಲಿ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆ, ಮಧುಗಿರಿ ಕೋರ್ಟಿನ ಮುಂದೆ, ಹುಣಸೆಮರದ ಕೆಳಗೆ. ಜಾಗ, ದಿನ, ಹೊತ್ತು ಎಲ್ಲವೂ ನೀವೇ ಗೊತ್ತು ಮಾಡಿದ್ದು. ಈ ಸಲ ಬನ್ನಿ.

ಶಾಹೀನಾ